ಕಿವಿ ಮೇಸ್ತ್ರಿ ಕೊಂದ ವಾಲ್ವುಗಳು

ಮೇಸ್ತ್ರಿಗೆ ದೇವರು ಕೊಟ್ಟ ಕಿವಿ ಎರಡೇ ಆದರೂ ಜನ ಅವನಿಗೆ ಮೂರನೆಯದೊಂದನ್ನು ಅಂಟಿಸಿದ್ದರು. ಅದು ಒಂದು ಉದ್ದನೆಯ ಸ್ಕ್ರೂಡ್ರೈವರ್. ಅದರ ಮೂತಿಯನ್ನು ಓಡುವ ಎಂಜಿನ್ನಿನ ಮೇಲೆ ಊರಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಂತನೆಂದರೆ ಗ್ಯಾರೇಜಿನಲ್ಲಿ ಯಾರೂ ಕೆಮ್ಮುವ ಹಾಗಿರಲಿಲ್ಲ. ಬೇರಿಂಗ್ ಹೋಗಿದೆ ಅನ್ನುತ್ತಿದ್ದ, ಬಿಚ್ಚಿ ನೋಡಿದರೆ ಹೋಗಿರುತ್ತಿತ್ತು. ಹಾಗಾಗಿಯೇ ಅವನಿಗೆ ಕಿವಿ ಮೇಸ್ತ್ರಿ ಎಂಬ ಹೆಸರು ಬಂತು. ಸುಳ್ಳು ಯಾಕೆ ಹೇಳಬೇಕು, ಅದೆಲ್ಲ ನಿಜವೇ. ಆದರೆ ಹಳೆಯ ನಿಜ.

ಹೊಗಳಿಕೆಗೆ ಒಂದು ಗುಣ ಇದೆ. ತಲೆಗೆ ಹತ್ತುವುದು ಗೊತ್ತು, ಇಳಿಯುವುದು ಗೊತ್ತಿಲ್ಲ. ಪಕ್ಕದ ಮನೆಯ ಮಿಕ್ಸಿ ಇನ್ನೆಷ್ಟು ದಿನ ಬಾಳುತ್ತದೆ ಎಂದು ಗೋಡೆಯ ಈಚೆಯಿಂದಲೇ ಹೇಳುತ್ತಿದ್ದ. ನೆಂಟರ ಮನೆಗೆ ಹೋದರೆ ಫ್ಯಾನಿನ ಆಯಸ್ಸು ಹೇಳುತ್ತಿದ್ದ. ಯಾರಾದರೂ ಕೇಳಿದರೆ ಹೇಳುವುದು ಬೇರೆ. ಇವನು ಕುಡಿಯಲು ನೀರು ಕೊಟ್ಟವರಿಗೂ ಹೇಳುತ್ತಿದ್ದ.

ಈ ದೊಡ್ಡ ಮನುಷ್ಯನ ಮೂಗು ಒರೆಸಿ ಬೆಳೆಸಿದ ಅಕ್ಕ ಒಬ್ಬಳಿದ್ದಳು. ಗಂಡ ತೀರಿಕೊಂಡ ಮೇಲೆ ಅವನ ವ್ಯಾನನ್ನು ತಾನೇ ಓಡಿಸಲು ಕಲಿತವಳು. ಡಯಾಲಿಸಿಸ್‌ಗೆ ಹೋಗುವ ರೋಗಿಗಳನ್ನು ಅವರವರ ಮನೆಯಿಂದ ಆಸ್ಪತ್ರೆಗೆ ಬಿಡುವುದು, ಮತ್ತೆ ಮನೆ ಸೇರಿಸುವುದು, ಇದೇ ಅವಳ ಕೆಲಸ. ಅವಳ ಮನೆಯ ಒಲೆ ಉರಿಯುತ್ತಿದ್ದುದೇ ಆ ವ್ಯಾನಿನಿಂದ. ಈಗ ನೋಡಿದರೆ ವ್ಯಾನೇ ಒಲೆಯಾಗಿ ಕೂತಿತು. ಎ.ಸಿ. ಹಾಕಿದರೂ ಬಿಸಿಗಾಳಿ, ಆರಿಸಿದರೂ ಬಿಸಿಗಾಳಿ. ಕಿಟಕಿ ತೆಗೆದರೆ ಧೂಳು. ಹಿಂದಿನ ಸೀಟಿನಲ್ಲಿ ಕೂರುವ ನಿವೃತ್ತ ಗುಮಾಸ್ತರು, "ಆಸ್ಪತ್ರೆಗೆ ಕರಕೊಂಡು ಹೋಗ್ತಿದ್ದೀಯೋ, ಬೇಯಿಸಿ ಬಡಿಸ್ತಿದ್ದೀಯೋ ತಾಯಿ?" ಎಂದು ದಿನಾ ಕೇಳುತ್ತಿದ್ದರು. ಒಂದು ದಿನ ಕೇಳಲಿಲ್ಲ. ಹಿಂದಿರುಗಿ ನೋಡಿದರೆ ಬಾಯಿ ತೆರೆದುಕೊಂಡು ಸೀಟಿನ ಮೇಲೆ ಒರಗಿಬಿಟ್ಟಿದ್ದರು. ಮುಖಕ್ಕೆ ನೀರು ಚಿಮುಕಿಸಿದ ಮೇಲೆ ಎದ್ದರು ಅನ್ನಿ. ಆದರೆ ಸುದ್ದಿ ಅಷ್ಟರಲ್ಲೇ ಆಸ್ಪತ್ರೆಯ ಮ್ಯಾನೇಜರಿಗೆ ಮುಟ್ಟಿತ್ತು. ಶನಿವಾರದೊಳಗೆ ಗಾಡಿ ತಣ್ಣಗಿರುವುದನ್ನು ನನಗೆ ತೋರಿಸು, ಇಲ್ಲದಿದ್ದರೆ ಬೇರೆ ವ್ಯಾನಿನವರಿಗೆ ಹೇಳುತ್ತೇನೆ ಎಂದು ಅವನು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟ.

ಅಕ್ಕ ವ್ಯಾನನ್ನು ನೇರ ತಮ್ಮನ ಗ್ಯಾರೇಜಿಗೆ ತಂದಳು.

ತಮ್ಮ ಬಾನೆಟ್ ಎತ್ತಿ ಪಾಠ ಶುರು ಮಾಡಿದ. ಎಂಜಿನ್ನಿನಲ್ಲಿ ಕಾದ ನೀರು ಹೀಟರಿಗೆ ಹೋಗುತ್ತದೆ. ನಡುದಾರಿಯಲ್ಲಿ ಈ ಪುಟ್ಟ ವಾಲ್ವ್ ಬಾಗಿಲು ಕಾಯುವವನ ಹಾಗೆ ಕೂತಿರುತ್ತದೆ. ಕರೆಂಟು ಬಂದರೆ ಟಕ್ ಎಂದು ಮುಚ್ಚಿಕೊಳ್ಳುತ್ತದೆ, ಕರೆಂಟು ತಪ್ಪಿದರೆ ತೆರೆದುಕೊಳ್ಳುತ್ತದೆ. ಈಗ ಅದು ಸದಾ ತೆರೆದೇ ಇದೆ, ಅದಕ್ಕೇ ಈ ಕಾಟ. ಇಷ್ಟು ಹೇಳಿ, ವಾಲ್ವಿನ ಪ್ಲಗ್ ಕಿತ್ತು, ಬ್ಯಾಟರಿಯಿಂದ ನೇರ ಎರಡು ವೈರು ಎಳೆದು ತಂದ. ಇದಕ್ಕೆ ಸ್ಕ್ರೂಡ್ರೈವರ್ ಕೂಡ ಬೇಡ, ಬರೀ ಕಿವಿ ಸಾಕು ಎಂದು ತಲೆ ಬಗ್ಗಿಸಿದ. ವೈರು ತಾಗಿಸಿದ. ಟಕ್ ಅಂತು. ತೆಗೆದ. ಮತ್ತೆ ಟಕ್ ಅಂತು.

"ಸತ್ತಿದೆ," ಅಂದ ಮೇಸ್ತ್ರಿ.

ಅಕ್ಕನಿಗೆ ಸದ್ದು ಚೆನ್ನಾಗಿಯೇ ಕೇಳಿಸಿತ್ತು. ಏನೋ ಟಕ್ ಅಂದ ಹಾಗಾಯಿತಲ್ಲ ಎಂದಳು. ಅದು ವಾಲ್ವಿನ ಸದ್ದಲ್ಲ, ನಿನಗೆ ಇದೆಲ್ಲ ತಿಳಿಯುವುದಿಲ್ಲ, ಸುಮ್ಮನೆ ಹೋಗಿ ನೆರಳಲ್ಲಿ ಕೂತುಕೋ ಎಂದು ತಮ್ಮ ಗದರಿಸಿದ. ಅವಳು ಕೂತಳು. ವಿದ್ಯೆ ಇರುವವನ ಮುಂದೆ ಏನು ವಾದ.

ಹೊಸ ವಾಲ್ವ್ ಬಂತು. ಹಾಕಿದರು. ಬಿಸಿಗಾಳಿ ಹಾಗೇ ಬಂತು. ಮೇಸ್ತ್ರಿ ಅದನ್ನೂ ಬಿಚ್ಚಿದ, ಬ್ಯಾಟರಿಗೆ ತಾಗಿಸಿದ, ತಲೆ ಬಗ್ಗಿಸಿದ. ಅದೂ ಸತ್ತಿದೆ ಅಂದ. ಅಂಗಡಿಯವನು ನಕಲಿ ಮಾಲು ಕಟ್ಟಿದ್ದಾನೆಂದು ಬೈಯುತ್ತ ಇನ್ನೊಂದು ತರಿಸಿದ. ಅದರ ಗತಿಯೂ ಅದೇ. ಬೆಂಚಿನ ಮೇಲೆ ವಾಲ್ವುಗಳು ಸಾಲಾಗಿ ಮಲಗಿದವು, ಎಲ್ಲವೂ ಜೀವಂತ, ಎಲ್ಲಕ್ಕೂ ಮರಣಪತ್ರ. ಪ್ಲಗ್ಗಿನ ತನಕ ಕರೆಂಟು ಬರುತ್ತಿದೆಯೋ ಇಲ್ಲವೋ ಎಂದು ನೋಡುವ ಯೋಚನೆ ಮಾತ್ರ ಅವನ ಹತ್ತಿರ ಸುಳಿಯಲಿಲ್ಲ. ಹೆಣ ಸಿಕ್ಕಮೇಲೆ ಕಾಯಿಲೆ ಯಾಕೆ ಹುಡುಕಬೇಕು?

ಶುಕ್ರವಾರ ಮಧ್ಯಾಹ್ನ ಅಕ್ಕ ತಮ್ಮನ ಮನೆಗೆ ಹೋದಾಗ ಊಟಕ್ಕೆ ಬಂದಿದ್ದ ತಮ್ಮ ಹಾಕಿದ ಟೀವಿ ಬೀದಿಗೆಲ್ಲ ಕೇಳುವಂತೆ ಅರಚುತ್ತಿತ್ತು. ತಮ್ಮನ ಹೆಂಡತಿ ಕಿವಿಗೆ ಹತ್ತಿ ಇಟ್ಟುಕೊಂಡು ತರಕಾರಿ ಹೆಚ್ಚುತ್ತಿದ್ದಳು. ಅವಳನ್ನು ಕೇಳಿದಾಗ ಒಂದೊಂದೇ ಹೊರಬಂತು. ಈಗಿನ ಟೀವಿಗಳ ಸ್ಪೀಕರ್ ಸರಿಯಿಲ್ಲವಂತೆ. ಕರೆಗಂಟೆಯನ್ನು ಎರಡು ಸಲ ಬದಲಾಯಿಸಿದರಂತೆ, ಎರಡೂ ಮೊಂಡಂತೆ. ಫೋನಿನಲ್ಲಿ ಮಾತಾಡುವವರಿಗೆಲ್ಲ ಗಂಟಲು ಕಟ್ಟಿದೆಯಂತೆ. ಮಗಳು ಬಾಯೊಳಗೇ ಮಾತಾಡುತ್ತಾಳಂತೆ. ಒಟ್ಟಿನಲ್ಲಿ ಅವನ ಲೆಕ್ಕದಲ್ಲಿ ಇಡೀ ಲೋಕದ ದನಿಯೇ ಕುಗ್ಗಿಹೋಗಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ನೆಲವನ್ನು ಬಿಟ್ಟು ಆಕಾಶವನ್ನೂ ಡೊಂಕು ಮಾಡಿದ್ದ.

"ನಾನು ಹೇಳಿದರೆ ಮೈಮೇಲೆ ಬೀಳ್ತಾರೆ ಅತ್ತಿಗೆ," ಎಂದಳು ಅವಳು. "ಇರಲಿ ಬಿಡಿ, ಒಂದು ಸುಖ ಇದೆ. ಅವರ ಎದುರಿಗೇ ಅವರನ್ನ ಬೈಯಬಹುದು."

ಅಕ್ಕನಿಗೆ ನಗು ಬಂದರೂ ನಗಲಿಲ್ಲ. ನಾಳೆಯೇ ಶನಿವಾರ.

ಮರುದಿನ ಬೆಳಿಗ್ಗೆ ಮೇಸ್ತ್ರಿ ಸತ್ತ ವಾಲ್ವುಗಳನ್ನೆಲ್ಲ ಚೀಲಕ್ಕೆ ತುಂಬಿ ಬಿಡಿಭಾಗದ ಅಂಗಡಿಯ ಮೇಲೆ ಯುದ್ಧಕ್ಕೆ ಹೊರಟ. ಅಕ್ಕನೂ ಹಿಂದೆಯೇ ನಡೆದಳು. ಅಂಗಡಿಯ ಕಟ್ಟೆಯ ಮುಂದೆ ಒಬ್ಬ ಲಾರಿ ಡ್ರೈವರು, ಒಬ್ಬ ಟ್ಯಾಕ್ಸಿಯವನು ನಿಂತಿದ್ದರು. ಮೇಸ್ತ್ರಿ ಚೀಲವನ್ನು ಬೋರಲು ಹಾಕಿ, ಕಲಬೆರಕೆ, ಮೋಸ, ಅಕ್ಕನ ಅನ್ನಕ್ಕೆ ಕಲ್ಲು, ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದ. ಅಂಗಡಿಯವನು ಕಟ್ಟೆಯ ಕೆಳಗಿದ್ದ ಬ್ಯಾಟರಿಯಿಂದ ವೈರು ಎಳೆದು ಮೊದಲನೆಯ ವಾಲ್ವಿಗೆ ತಾಗಿಸಿದ.

ಟಕ್.

ಲಾರಿ ಡ್ರೈವರು ತಲೆಯಾಡಿಸಿದ. ಟ್ಯಾಕ್ಸಿಯವನೂ ಆಡಿಸಿದ. ಎರಡನೆಯದು ಟಕ್ ಅಂತು, ಮೂರನೆಯದೂ ಅಂತು. ಅಂಗಡಿಯವನು ಪ್ರತಿ ಸಲವೂ ಮೇಸ್ತ್ರಿಯ ಮುಖ ನೋಡಿದ. ಮೇಸ್ತ್ರಿ ಮಾತ್ರ ಉಳಿದವರ ಮುಖ ನೋಡುತ್ತಿದ್ದ. ಎಲ್ಲರೂ ಒಟ್ಟಿಗೆ ತಲೆಯಾಡಿಸುತ್ತಿದ್ದಾರೆ, ಆದರೆ ಯಾತಕ್ಕೆ ಎಂದು ತನಗೆ ಗೊತ್ತಾಗುತ್ತಿಲ್ಲ. ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗುವಿನ ಕಣ್ಣು ಹೇಗಿರುತ್ತದೋ ಹಾಗಿತ್ತು ಅವನ ಕಣ್ಣು. ಆದರೆ ಬಾಯಿ ಸುಮ್ಮನಿರಬೇಕಲ್ಲ. ಓಹೋ, ನೀವೆಲ್ಲ ಒಂದೇ ಗುಂಪು, ಕೂಡಿ ಆಡುವ ನಾಟಕ ಇದು ಎಂದು ಶುರು ಮಾಡಿದ.

ಅಕ್ಕ ಮುಂದೆ ಬಂದಳು. ಅವನ ಎಣ್ಣೆಗೈಯನ್ನು ಹಿಡಿದು, ಬೆರಳುಗಳನ್ನು ವಾಲ್ವಿನ ಮೈಮೇಲೆ ಒತ್ತಿ ಇಟ್ಟಳು. ಅಂಗಡಿಯವನಿಗೆ ಕಣ್ಣಲ್ಲೇ ಹೇಳಿದಳು. ಅವನು ವೈರು ತಾಗಿಸಿದ. ವಾಲ್ವ್ ಬೆರಳಿನಡಿ ಮಿಡಿಯಿತು. ಮೇಸ್ತ್ರಿಯ ಬಾಯಿ ಅರ್ಧಕ್ಕೇ ನಿಂತಿತು. ಕೈ ಹಿಂದಕ್ಕೆಳೆಯಲು ನೋಡಿದ. ಅಕ್ಕ ಬಿಡಲಿಲ್ಲ. ಮತ್ತೆ ಮಿಡಿಯಿತು.

ಅವಳು ಅವನ ಎದುರಿಗೆ ನಿಂತು, ಬಾಯಿ ಕಾಣುವ ಹಾಗೆ, ನಿಧಾನವಾಗಿ ಹೇಳಿದಳು: "ವಾಲ್ವ್ ಸತ್ತಿಲ್ಲ ಕಣೋ. ಸಂಜೆಯೊಳಗೆ ನನ್ನ ಗಾಡಿ ತಣ್ಣಗಾಗಬೇಕು. ನಿನ್ನ ಮಾನ ಆಮೇಲೆ ನೋಡಿಕೊಳ್ಳೋಣ."

ಟ್ಯಾಕ್ಸಿಯವನು ಅಂಗಡಿಯ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದ.

ಮೇಸ್ತ್ರಿ ಗ್ಯಾರೇಜಿಗೆ ಮರಳಿದ. ಹಳೆಯ ವಾಲ್ವನ್ನೇ ಮತ್ತೆ ಜೋಡಿಸಿದ. ಆಮೇಲೆ ವೈರು ಕಟ್ಟಿದ ಒಂದು ಸಣ್ಣ ಬಲ್ಬು ತಂದು ಪ್ಲಗ್ಗಿನ ಒಳಗೆ ತಾಗಿಸಿದ. ಬಲ್ಬು ಉರಿಯಿತು. ಪ್ಲಗ್ ಅಲ್ಲಾಡಿಸಿದ, ಆರಿತು. ಮತ್ತೆ ಅಲ್ಲಾಡಿಸಿದ, ಮಿಣುಕಿತು. ಒಳಗೆ ವಾಲ್ವನ್ನು ಕಚ್ಚಿ ಹಿಡಿಯುವ ತಗಡಿನ ಕಚ್ಚು ಅಗಲವಾಗಿ ಹಿಡಿತ ತಪ್ಪಿತ್ತು. ರಸ್ತೆಯ ಕುಲುಕಾಟಕ್ಕೆ ಕರೆಂಟು ಬರುತ್ತ ಹೋಗುತ್ತ ಕೊನೆಗೆ ವಾಲ್ವಿಗೆ ಮುಟ್ಟುವುದನ್ನೇ ಬಿಟ್ಟಿತ್ತು. ಕಚ್ಚನ್ನು ಇಕ್ಕಳದಿಂದ ಒತ್ತಿ ಬಿಗಿ ಮಾಡಿ, ಪ್ಲಗ್ ಕೂರಿಸಿದ. ಕೆಲಸ ಅಂದರೆ ಇಷ್ಟೇ. ಸ್ವಲ್ಪ ಹೊತ್ತಿಗೆಲ್ಲ ವ್ಯಾನಿನೊಳಗೆ ತಣ್ಣನೆಯ ಗಾಳಿ ಬೀಸಿತು.

ಗಾಳಿಯ ಜೊತೆಗೇ ಅವನ ನಾಲಗೆಯೂ ವಾಪಸು ಬಂತು. ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಈ ಕಾಲದ ಗಾಡಿಗೆ ಕಿವಿ ಕೊಡುವುದೇ ತಪ್ಪು, ಬೆರಳಲ್ಲಿ ನಾಡಿ ಹಿಡಿಯಬೇಕು, ಇದನ್ನು ನಾನು ಎಷ್ಟೋ ದಿನದಿಂದ ಹೇಳಬೇಕು ಅಂದುಕೊಂಡಿದ್ದೆ ಎಂದ. ಅಕ್ಕ ಹೂಂ ಎಂದಳು. ಮ್ಯಾನೇಜರಿಗೆ ತೋರಿಸಬೇಕು, ನೀನೂ ಬಾ, ಏನಾದರೂ ಕೇಳಿದರೆ ಹೇಳುವೆಯಂತೆ ಎಂದು ಪಕ್ಕದಲ್ಲಿ ಕೂರಿಸಿಕೊಂಡಳು.

ಮ್ಯಾನೇಜರು ವ್ಯಾನಿಗೆ ಹತ್ತಿ ಗಾಳಿಗೆ ಅಂಗೈ ಒಡ್ಡಿದ. ಹಿಂದಿನ ಸೀಟಿನಲ್ಲೂ ಕೂತು ನೋಡಿದ. ಸರಿ, ಸೋಮವಾರ ಎಂದಿನಂತೆ ಬಾಮ್ಮ ಎಂದು ಇಳಿದುಹೋದ. ಅಕ್ಕ ಸ್ಟೀರಿಂಗಿನ ಮೇಲೆ ಹಣೆ ಇಟ್ಟು ಒಂದು ದೊಡ್ಡ ಉಸಿರು ಬಿಟ್ಟಳು. ಆಮೇಲೆ ವ್ಯಾನನ್ನು ಮನೆಯ ದಾರಿಗೆ ತಿರುಗಿಸದೆ, ಆಸ್ಪತ್ರೆಯ ಹಿಂದಿನ ಬಾಗಿಲಿಗೆ ತಂದು ನಿಲ್ಲಿಸಿದಳು. ಬಾಗಿಲ ಮೇಲೆ ಒಂದು ದೊಡ್ಡ ಕಿವಿಯ ಚಿತ್ರ ಇತ್ತು.

ಮೇಸ್ತ್ರಿ ಚಿತ್ರ ನೋಡಿದ. ಇಳಿಯುವುದಿಲ್ಲ ಅಂದ. ಎಂಜಿನ್ನಿನ ಹೊಟ್ಟೆಯೊಳಗಿನ ಮಾತು ಕೇಳಿದವನು ತಾನು, ತನ್ನನ್ನು ಇನ್ಯಾರೋ ನೋಡುವುದೇ, ಎಂದ. ಕೈಕಟ್ಟಿಕೊಂಡು ಗಟ್ಟಿಯಾಗಿ ಕೂತ, ಚಿಕ್ಕಂದಿನಲ್ಲಿ ಸ್ನಾನಕ್ಕೆ ಬಾರೋ ಅಂದರೆ ಕೂರುತ್ತಿದ್ದ ಹಾಗೆ.

ಅಕ್ಕ ಕಿಟಕಿಗಳನ್ನು ಏರಿಸಿದಳು. ಹೀಟರಿನ ಗುಂಡಿಯನ್ನು ಕೆಂಪು ಗೆರೆಯ ಕೊನೆಯ ತನಕ ತಿರುಗಿಸಿದಳು. ವಾಲ್ವ್ ಈಗ ಹೇಳಿದ ಮಾತಿಗೆ ತಪ್ಪುವ ಹಾಗಿರಲಿಲ್ಲ, ಅಷ್ಟು ಚೆನ್ನಾಗಿ ಸರಿಮಾಡಿದ್ದ ಪುಣ್ಯಾತ್ಮ. ಬಿಸಿಗಾಳಿ ನೇರ ಅವನ ಮುಖಕ್ಕೇ ಬಡಿಯಿತು. ಅವಳು ಸೆರಗಿನಿಂದ ಬೀಸಿಕೊಳ್ಳುತ್ತ ಕೂತಳು. ಆ ಒಲೆಯಲ್ಲಿ ಬೆಂದು ಬೆಂದು ಅಭ್ಯಾಸವಾದವಳು. ಮೇಸ್ತ್ರಿಯ ಹಣೆಯ ಬೆವರು ಮೀಸೆಗೆ ಇಳಿಯಿತು, ಮೀಸೆಯಿಂದ ಗಲ್ಲಕ್ಕೆ ಇಳಿಯಿತು. ಕೊನೆಗೆ ಅವನೇ ಇಳಿದ.

ಒಳಗೆ ಮೇಜಿನ ಹಿಂದೆ ಕೂತಿದ್ದ ಹುಡುಗಿ, ತೊಂದರೆ ಯಾರಿಗೆ ಎಂದು ಗಟ್ಟಿಯಾಗಿ ಕೇಳಿದಳು.

"ನಮ್ಮಕ್ಕನಿಗೆ," ಎಂದ ಮೇಸ್ತ್ರಿ. "ಪಾಪ, ವಯಸ್ಸಾಯ್ತು."

ಹುಡುಗಿ ಇಬ್ಬರನ್ನೂ ಒಮ್ಮೆ ನೋಡಿ, ತಲೆ ತಗ್ಗಿಸಿ, ಮೆಲುದನಿಯಲ್ಲಿ ನಿಮ್ಮಕ್ಕನ ವಯಸ್ಸು ಎಷ್ಟು ಎಂದು ಮೇಸ್ತ್ರಿಯನ್ನು ಕೇಳಿದಳು. ಅಕ್ಕ ತನ್ನ ವಯಸ್ಸು ಹೇಳಿದಳು. ಮೇಸ್ತ್ರಿ ಗೋಡೆಯ ಫ್ಯಾನಿನ ಕಡೆ ಮುಖಮಾಡಿ ಬೆವರು ಒರೆಸಿಕೊಳ್ಳುತ್ತಿದ್ದ. ಹುಡುಗಿ ಅವನನ್ನೇ ಮೊದಲು ಒಳಗೆ ಕಳಿಸಿದಳು.