ಓಡುತ್ತಿರುವ ಕಾರಿನ ಮರಣ ದಾಖಲೆ

ನನ್ನ ಕಾರನ್ನು ಕೊಂದವರು ಸಾರಿಗೆ ಕಚೇರಿಯವರು. ಆರೋಪವನ್ನು ಮೊದಲ ಸಾಲಿನಲ್ಲೇ ಮುಂದಿಡುವುದು ಸಭ್ಯತೆಯಲ್ಲವೆಂದು ನನಗೆ ಗೊತ್ತು. ಮೊದಲು ಪೀಠಿಕೆ, ಆಮೇಲೆ ಪ್ರಮೇಯ ಎಂದು ವಿಶ್ವವಿದ್ಯಾಲಯದಲ್ಲಿ ನಮಗೆ ಕಲಿಸಿದ್ದರು. ಆದರೆ ಕೊಲೆಯಾದ ಈ ಕಾರು ರಾಯದುರ್ಗದ ನನ್ನ ಬಾಡಿಗೆ ಮನೆಯ ಅಂಗಳದಲ್ಲಿ ನಿಂತಿದೆ. ಕೀಲಿ ತಿರುವಿದರೆ ಒಂದೇ ಸಲಕ್ಕೆ ಚಾಲೂ ಆಗುತ್ತದೆ. ಇಂಥ ಹೆಣವನ್ನು ಎದುರಿಗಿಟ್ಟುಕೊಂಡು ಪೀಠಿಕೆ ಹಾಕುವ ತಾಳ್ಮೆ ನನ್ನಲ್ಲಿ ಉಳಿದಿಲ್ಲ.

ನಾನು ಮಡಕಶಿರದವಳು, ರಾಯದುರ್ಗದ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಕಾರು ಕೊಳ್ಳುವ ಯೋಚನೆಯೇ ಇರದಿದ್ದ ಒಂದು ದಿನ, ಕೋಟೆಗುಡ್ಡದ ಬುಡದಲ್ಲಿದ್ದ ಜೀನ್ಸ್ ಹೊಲಿಯುವ ಶೆಡ್ಡೊಂದರ ಪಕ್ಕದಲ್ಲಿ ಅದನ್ನು ಕಂಡೆ. ತೊಂಬತ್ತರ ದಶಕದ ಬಿಳಿ ಕಾರು. ಉದ್ದ ಮೂತಿ, ಚೌಕ ಬೆನ್ನು. ಈಗಿನ ಕಾರುಗಳೆಲ್ಲ ಎಣ್ಣೆಯಲ್ಲಿ ಉಬ್ಬಿದ ಪೂರಿಗಳಂತೆ ಕಾಣುತ್ತವೆ; ಇದರ ಗೆರೆಗಳನ್ನು ಮಾತ್ರ ಯಾರೋ ಅಳತೆಪಟ್ಟಿ ಇಟ್ಟು ಎಳೆದಂತಿತ್ತು. ಶೆಡ್ಡಿನ ಮಾಲೀಕರು ಅದನ್ನು ಉಗ್ರಾಣ ಮಾಡಿಕೊಂಡಿದ್ದರು. ಹಿಂದಿನ ಸೀಟಿನಲ್ಲಿ ಕತ್ತರಿಸಿದ ಪ್ಯಾಂಟಿನ ಕಾಲುಗಳ ಕಟ್ಟುಗಳು ಮರ್ಯಾದಸ್ಥ ಪ್ರಯಾಣಿಕರಂತೆ ಒರಗಿ ಕುಳಿತಿದ್ದವು. ಪ್ರೀತಿಯಲ್ಲಿ ಬೀಳುವಾಗ ಎಂಜಿನ್ ಇದೆಯೇ ಎಂದು ಯಾರೂ ವಿಚಾರಿಸುವುದಿಲ್ಲ. ನಾನೂ ವಿಚಾರಿಸಲಿಲ್ಲ, ಕೊಂಡುಬಿಟ್ಟೆ.

ಎಂಜಿನ್ ಇತ್ತು, ಉಸಿರಿರಲಿಲ್ಲ. ಅದನ್ನು ಪರೀಕ್ಷಿಸಿದವನು ವೀರಣ್ಣ. ಮೂಲತಃ ಅವನು ಹೊಲಿಗೆ ಯಂತ್ರಗಳ ಮೆಕ್ಯಾನಿಕ್. ಶೆಡ್ಡುಗಳ ಯಂತ್ರಗಳನ್ನು ರಿಪೇರಿ ಮಾಡುತ್ತ ಮಾಡುತ್ತ ಅವುಗಳ ಮಾಲೀಕರ ಸ್ಕೂಟರಿಗೆ, ಅಲ್ಲಿಂದ ಕಾರಿಗೆ ಬಡ್ತಿ ಪಡೆದವನು.

"ಅಕ್ಕಾರ, ಅಂಗಿ ಚಲೋ ಐತ್ರಿ, ಒಳಗಿನ ಜೀವ ಹೋಗೈತಿ," ಎಂದ ಬಾನೆಟ್ಟಿನೊಳಗಿಂದ ತಲೆಯೆತ್ತಿ. "ಬ್ಯಾರೆ ಜೀವ ಹಾಕೂಣ್ರಿ. ನೀವು ಹೂಂ ಅನ್ರಿ ಸಾಕು."

ನಾನು ಹೂಂ ಎಂದೆ. ಹಿಂದಿನಿಂದ ಲಾರಿ ಗುದ್ದಿ ಬೆನ್ನು ಮುರಿದುಕೊಂಡಿದ್ದ ಒಂದು ಹೊಸ ಕಾರಿನ ಎಂಜಿನ್ ಬಳ್ಳಾರಿಯಲ್ಲಿ ಸಿಕ್ಕಿತು. ನಮ್ಮ ಪುರಾಣಗಳಲ್ಲಿ ಪರಕಾಯ ಪ್ರವೇಶವೆಂಬ ವಿದ್ಯೆಯಿದೆ. ಯೋಗಿಯ ಪ್ರಾಣ ಇನ್ನೊಂದು ದೇಹವನ್ನು ಹೊಕ್ಕು ಅದನ್ನು ನಡೆಸುತ್ತದೆ. ಆದರೆ ಯೋಗಿಯ ಪ್ರಾಣಕ್ಕೆ ನಟ್ಟು ಬೋಲ್ಟುಗಳ ಗೊಡವೆಯಿರಲಿಲ್ಲ. ಇಲ್ಲಿ ಹೊಸ ಎಂಜಿನ್ನನ್ನು ಹಳೆಯ ದೇಹದೊಳಗೆ ಕೂರಿಸಲು ಕಬ್ಬಿಣದ ಹಿಡಿಕೆಗಳೇ ಹೊಸದಾಗಿ ಬೇಕಿದ್ದವು. ವೀರಣ್ಣ ಅವನ್ನು ತಯಾರಿಸಿದ ಕ್ರಮವನ್ನು ಯಾವ ತಾಂತ್ರಿಕ ಕಾಲೇಜೂ ಕಲಿಸಲಾರದು. ಕೊರಳಿಗೆ ಟೇಪು ಹಾಕಿಕೊಂಡು ಕಾರಿನ ಒಡಲಿನ ಅಳತೆ ತೆಗೆದ. ಪ್ಯಾಂಟಿಗೆ ಮಾಡುವಂತೆ ರಟ್ಟಿನಲ್ಲಿ ಪ್ಯಾಟರ್ನ್ ಕತ್ತರಿಸಿದ. ಅದನ್ನು ಕಬ್ಬಿಣದ ತಗಡಿನ ಮೇಲಿಟ್ಟು ದರ್ಜಿಯ ಸೀಮೆಸುಣ್ಣದಿಂದ ಗೆರೆ ಎಳೆದ. ಎರಡು ದಿನ ವೆಲ್ಡಿಂಗ್ ನಡೆದು ಎಂಜಿನ್ ಒಳಗಿಳಿದಾಗ ಅದರ ಫ್ಯಾನು ರೇಡಿಯೇಟರಿಗೆ ತಾಗಿ ನಿಂತಿತು.

"ಅಳತೆ ತಪ್ಪಿತಲ್ಲ, ವೀರಣ್ಣಾ?"

"ಅಳತಿ ಕರೆಕ್ಟ್ ಐತ್ರಿ ಅಕ್ಕಾರ. ಹೊಲಿಗಿಗಂತ ಅರ್ಧ ಇಂಚು ಬಿಟ್ಟೀನಿ..." ಎಂದವನು ಅಲ್ಲೇ ನಾಲಿಗೆ ಕಚ್ಚಿಕೊಂಡ. "ಅಯ್ಯ! ಕಬ್ಬಣಕ್ಕ ಹೊಲಿಗಿ ಎಲ್ಲಿರತೈತ್ರಿ? ನಂದ ತಪ್ಪು. ಬಿಚ್ಚತೀನಿ."

ಒಳಗೆ ಯಂತ್ರದ ಮುಂದೆ ಕುಳಿತಿದ್ದ ಅವನ ಹೆಂಡತಿ ಶರಣಮ್ಮ ಪೆಡಲ್ಲಿನಿಂದ ಕಾಲು ತೆಗೆಯದೆ ಕೂಗಿದಳು: "ಹಂಗ ಮ್ಯಾಲೊಂದು ಜಿಪ್ಪೂ ಹಚ್ಚಿಬಿಡು. ತೆಗಿಯಾಕ ಹಾಕಾಕ ಸಲೀಸಾಗತೈತಿ!"

ಮರುದಿನ ಅವನು ಅರ್ಧ ಇಂಚನ್ನು ಕತ್ತರಿಸಿ ತೆಗೆದ. ಅಂದಿನಿಂದ ಕಾರು ಓಡುತ್ತಿದೆ.

ಹಳೆಯ ಕಾರನ್ನು ಒಮ್ಮೆಗೇ ಸರಿಪಡಿಸುತ್ತೇನೆಂಬುದು ಅಹಂಕಾರ. ಅದು ನಮ್ಮನ್ನು ಕಂತುಕಂತಾಗಿ ತಿದ್ದುತ್ತದೆ. ಮೊದಲ ವರ್ಷ ಬ್ರೇಕುಗಳು ಸುಧಾರಿಸಿದವು, ನನ್ನ ಆತುರವೂ. ಎರಡನೆಯ ವರ್ಷ ವೈರಿಂಗ್ ಬದಲಾಯಿತು. ಅಲ್ಲಿಯವರೆಗೆ ಬಲಕ್ಕೆ ತಿರುಗುವಾಗಲೆಲ್ಲ ವೈಪರ್ ಕೈಬೀಸಿ ಬೀಳ್ಕೊಡುತ್ತಿತ್ತು. ಮೂರನೆಯ ವರ್ಷ ಶರಣಮ್ಮ ಸೀಟುಗಳಿಗೆ ನೀಲಿ ಜೀನ್ಸ್ ಬಟ್ಟೆ ಹೊದಿಸಿ, ಹಳದಿ ದಾರದಲ್ಲಿ ಜೋಡಿ ಹೊಲಿಗೆ ಹಾಕಿ, ಮುಂದಿನ ಸೀಟುಗಳ ಬೆನ್ನಿಗೆ ಪ್ಯಾಂಟಿನ ಹಿಂಜೇಬುಗಳನ್ನೇ ಹಚ್ಚಿಕೊಟ್ಟಳು. "ಮೇಡಂ ಸೀರೆ ಉಡುತ್ತಾರೆ, ಅವರ ಕಾರು ಜೀನ್ಸ್ ಹಾಕುತ್ತದೆ" ಎಂಬುದು ಕಾಲೇಜಿನ ಮೊಗಸಾಲೆಯಲ್ಲಿ ಗಾದೆಯಾಯಿತು.

ಇನ್ನು ನನ್ನ ಅಪರಾಧಕ್ಕೆ ಬರುತ್ತೇನೆ. ನಾನು ಪ್ರಾಮಾಣಿಕಳಾಗಿದ್ದೆ. ಎಂಜಿನ್ ಬದಲಿಸುವ ಮುನ್ನವೇ ಸಾರಿಗೆ ಕಚೇರಿಯ ಅನುಮತಿ ಪಡೆದಿದ್ದೆ. ಕೆಲಸ ಮುಗಿದ ಮೇಲೆ, ಹೊಸ ಎಂಜಿನ್ನಿನ ಸಂಖ್ಯೆಯನ್ನು ನೋಂದಣಿ ಪತ್ರದಲ್ಲಿ ಸೇರಿಸಿರೆಂದು ಅದರ ಬಿಲ್ಲಿನೊಡನೆ ಅರ್ಜಿ ಕೊಟ್ಟೆ. ಅಲ್ಲಿಗೇ ನಿಲ್ಲಬಹುದಿತ್ತು. ಆದರೆ ಆಧಾರವಿಲ್ಲದೆ ಒಂದು ವಾಕ್ಯವನ್ನೂ ಬರೆಯಬಾರದೆಂದು ಕಲಿತ ಕೈ ಇದು. ಹಳೆಯ ಎಂಜಿನ್ನನ್ನು ಗುಜರಿಗೆ ಹಾಕಿಸಿ, ಗುಜರಿ ಅಂಗಡಿಯ ರಸೀದಿಯನ್ನೂ ಯಾರೂ ಕೇಳದಿದ್ದರೂ ಲಗತ್ತಿಸಿದೆ.

"ಕೇಳಿದಷ್ಟ ಕಾಗದ ಕೊಡ್ರಿ ಅಕ್ಕಾರ," ಎಂದು ವೀರಣ್ಣ ಆಗಲೇ ಎಚ್ಚರಿಸಿದ್ದ. "ಜಾಸ್ತಿ ಕೊಟ್ರ ಅವರಿಗೆ ಓದೂ ಕೆಲಸ ಬೀಳತೈತಿ."

ಅವರು ಓದಿದರು. ಗುಜರಿ ರಸೀದಿ ಕಂಡಿತು. ಗುಜರಿಗೆ ಹೋದದ್ದು ಎಂಜಿನ್ನೋ ಇಡೀ ಕಾರೋ ಎಂದು ವಿಚಾರಿಸುವ ಬದಲು, ಕಾರೇ ಗುಜರಿಯಾಗಿದೆ, ನೋಂದಣಿ ರದ್ದಾಗಿದೆ ಎಂದು ಕಂಪ್ಯೂಟರಿನಲ್ಲಿ ದಾಖಲಿಸಿಬಿಟ್ಟರು. ನನಗೊಂದು ಮಾತು ತಿಳಿಸಲಿಲ್ಲ; ಅರ್ಜಿ ಇನ್ನೂ ಸಾಲಿನಲ್ಲಿದೆ ಎಂದುಕೊಂಡೇ ನಾನು ವರ್ಷಗಟ್ಟಲೆ ಕಾರು ಓಡಿಸಿದೆ.

ಸಾವಿನ ಸುದ್ದಿ ನನಗೆ ತಲುಪಿದ್ದು ಮೂರು ವಾರಗಳ ಹಿಂದೆ, ಮಡಕಶಿರದಲ್ಲಿರುವ ದೊಡ್ಡಮ್ಮನನ್ನು ನೋಡಲು ಹೊರಟಿದ್ದಾಗ, ಕಲ್ಯಾಣದುರ್ಗ ದಾಟಿದ ಮೇಲೆ. ತಪಾಸಣೆಗೆ ನಿಂತಿದ್ದ ಪೊಲೀಸರೊಬ್ಬರು ನಂಬರನ್ನು ಕೈಯಲ್ಲಿದ್ದ ಯಂತ್ರಕ್ಕೆ ಒತ್ತಿದರು, ಹುಬ್ಬು ಗಂಟಿಕ್ಕಿದರು, ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದರು.

"ಈ ಬಂಡಿ ಲೇದು ಮೇಡಂ," ಎಂದರು ತೆಲುಗಿನಲ್ಲಿ. ಈ ಗಾಡಿ ಇಲ್ಲ.

ನಾನು ಸ್ಟಿಯರಿಂಗನ್ನು ಗಟ್ಟಿಯಾಗಿ ಹಿಡಿದುಕೊಂಡೆ, ಅದು ಇತ್ತು. "ಇಲ್ಲ ಅಂದರೆ?"

ಅವರು ನನ್ನ ಕನ್ನಡಕ್ಕೆ ಕನ್ನಡದಲ್ಲೇ ಇಳಿದರು. "ಸ್ಕ್ರಾಪ್ ಆಗೈತೆ ಅಂತ ತೋರಸ್ತೈತೆ. ಫೈನ್ ಹಾಕಾಣ ಅಂದ್ರೆ ಮಿಷನ್ ತಗೊಳ್ತಿಲ್ಲ. ಇಲ್ದಿರೋ ಗಾಡಿಗೆ ನಾನು ಹೆಂಗ್ ಬರೀಲಿ ಮೇಡಂ?"

ತಪ್ಪಿಲ್ಲದೆ ದಂಡ ತೆತ್ತವರನ್ನು ಕಂಡಿದ್ದೇನೆ. ಇರುವಿಕೆಯೇ ಇಲ್ಲವೆಂದು ದಂಡದಿಂದ ಪಾರಾದವಳು ನಾನೊಬ್ಬಳೇ ಇರಬೇಕು. ಆ ಪಾರಾಗುವಿಕೆಯಲ್ಲಿ ಸಂತೋಷವಿರಲಿಲ್ಲ. ಮಡಕಶಿರದವರೆಗೂ, ಎದುರಿಗೆ ಬಂದ ಬಸ್ಸುಗಳಿಗೆ ನಾನು ಕಾಣಿಸುತ್ತಿರುವೆನೋ ಇಲ್ಲವೋ ಎಂಬ ಅನುಮಾನದಲ್ಲೇ ಹಾರ್ನ್ ಒತ್ತುತ್ತ ಹೋದೆ.

ದೊಡ್ಡಮ್ಮ ನಡೆದದ್ದನ್ನೆಲ್ಲ ಕೇಳಿ, ಸೊಂಟಕ್ಕೆ ಕೈಯಿಟ್ಟು ಕಾರನ್ನು ನೋಡಿದಳು. "ಸತ್ತೋಗೈತೆ ಅಂದ್ರಾ? ಮತ್ತೆ ನನ್ ಬಾಗ್ಲಾಗೆ ಗುರ್ ಅಂತ ಬಂದು ನಿಂತಿದ್ದು ಏನವ್ವಾ? ನಾನೀಗ ಎಡೆ ಇಡ್ಲಾ, ಪೆಟ್ರೋಲ್ ಹಾಕಿಸ್ಲಾ, ಯೋಳು."

ಅದೇ ಸತ್ತ ಕಾರಿನಲ್ಲಿ ರಾಯದುರ್ಗಕ್ಕೆ ಮರಳಿದೆ. ಅದು ಕಾನೂನಿಗೆ ವಿರುದ್ಧವಾಗಿತ್ತು, ಒಪ್ಪಿಕೊಳ್ಳುತ್ತೇನೆ. ಅಲ್ಲಿಂದೀಚೆಗೆ ಅದನ್ನು ರಸ್ತೆಗಿಳಿಸಿಲ್ಲ.

ಸಾರಿಗೆ ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತರು ಸೌಜನ್ಯದ ಮನುಷ್ಯರು. ಕುರ್ಚಿ ಕೊಟ್ಟರು, ಚಹಾ ತರಿಸಿದರು. ಕಾರು ಬದುಕಿದೆ ಎಂದೆ.

"ಹೌದ್ರಿ, ಇರಬೌದು. ಗಾಡಿ ತಂದು ತೋರಸ್ರಿ, ಇನ್ಸ್‌ಪೆಕ್ಟರ್ ನೋಡತಾರ."

"ನಾಳೆಯೇ ತರುತ್ತೇನೆ."

"ಹಂಗ ತರಾಕ ಬರಂಗಿಲ್ರಿ! ರದ್ದಾದ ಗಾಡಿ ರೋಡಿಗೆ ತಂದ್ರ ಕೇಸ್ ಆಗತೈತಿ."

"ಹಾಗಾದರೆ ಇನ್ಸ್‌ಪೆಕ್ಟರೇ ಮನೆಗೆ ಬಂದು ನೋಡಲಿ."

"ಇಲ್ಲದ ಗಾಡಿ ನೋಡಾಕ ಯಾಕ ಬರತಾರ್ರಿ?"

ನಮ್ಮ ತರ್ಕಶಾಸ್ತ್ರದಲ್ಲಿ ಪ್ರತ್ಯಕ್ಷವನ್ನು ಪ್ರಮಾಣಗಳಲ್ಲಿ ಮೊದಲನೆಯದೆಂದು ಎಣಿಸುತ್ತಾರೆ. ಕಣ್ಣೆದುರಿಗಿರುವ ಮಡಕೆಯನ್ನು ಮಡಕೆಯೆಂದು ಒಪ್ಪಲು ಇನ್ನೊಬ್ಬರ ಮಾತು ಬೇಕಿಲ್ಲ. ಈ ಕಚೇರಿ ಆ ಶಾಸ್ತ್ರವನ್ನೇ ತಲೆಕೆಳಗು ಮಾಡಿದೆ. ಇಲ್ಲಿ ಪರದೆಯ ಮೇಲಿನ ಅಕ್ಷರವೇ ವೇದವಾಕ್ಯ. ಮಡಕೆ ತಾನಿರುವೆನೆಂದು ಹೇಳಿಕೊಳ್ಳುವುದು ಉದ್ಧಟತನ.

ಚಹಾದ ಕೊನೆಯಲ್ಲಿ ಗುಮಾಸ್ತರು ದನಿ ತಗ್ಗಿಸಿ ಪರಿಹಾರವೊಂದನ್ನೂ ಸೂಚಿಸಿದರು. ಹಳೆಯ ಎಂಜಿನ್ನನ್ನು ಗುಜರಿಗೆ ಹಾಕಿಯೇ ಇಲ್ಲ, ಅದು ತನ್ನ ಬಳಿಯೇ ಇದೆ, ರಸೀದಿ ಸುಳ್ಳು ಎಂದು ಮೆಕ್ಯಾನಿಕ್ಕಿನಿಂದ ಅಫಿಡವಿಟ್ ಬರೆಸಿ ತರಬೇಕಂತೆ. ಆಗ ದೋಷ ಕಚೇರಿಯದಾಗುವುದಿಲ್ಲ, ದಾಖಲೆಯೂ ಸರಿಹೋಗುತ್ತದೆ. ವಾರ ಕಳೆಯುವಷ್ಟರಲ್ಲಿ ನೋಟಿಸೂ ಬಂತು: ರದ್ದಾದ ವಾಹನವನ್ನು ತಿಂಗಳೊಳಗೆ ಗುಜರಿ ಕೇಂದ್ರಕ್ಕೆ ಒಪ್ಪಿಸತಕ್ಕದ್ದು, ತಪ್ಪಿದಲ್ಲಿ ವಶಪಡಿಸಿಕೊಳ್ಳಲಾಗುವುದು. ಗಾಡಿಯಿಲ್ಲ ಎನ್ನುವ ಕಚೇರಿಗೆ, ವಶಪಡಿಸಿಕೊಳ್ಳಬೇಕಾದಾಗ ಮಾತ್ರ ಗಾಡಿ ಇರುತ್ತದೆ. ನಾಲ್ಕು ವರ್ಷಗಳ ದುಡಿಮೆಯನ್ನು ತಗಡಿನ ಮುದ್ದೆ ಮಾಡಲು ಇನ್ನು ಹತ್ತೊಂಬತ್ತು ದಿನಗಳಿವೆ.

ವೀರಣ್ಣನಿಗೆ ನೋಟಿಸನ್ನು ಓದಿ, ಗುಮಾಸ್ತರ ಸಲಹೆಯನ್ನೂ ಹೇಳಿದೆ. ಅವನು ಕೈಯ ಎಣ್ಣೆಯನ್ನು ಜೀನ್ಸ್ ತುಂಡೊಂದಕ್ಕೆ ಒರೆಸಿಕೊಂಡ. ಆಮೇಲೆ, "ಬರಸ್ಕೊಂಡು ಬರ್ರಿ ಅಕ್ಕಾರ, ಸೈನ್ ಹಾಕತೀನಿ. ನನ್ನ ಹೆಸರು ಕೆಟ್ರ ಕೆಡ್ಲಿ, ಗಾಡಿ ಉಳೀಲಿ," ಎಂದ.

ನನಗೆ ನಿಜವಾಗಿ ಆಘಾತವಾದದ್ದು ಆಗ. ಹೆದ್ದಾರಿಯಲ್ಲಿ ಆದದ್ದು ಬರಿಯ ಬೆರಗು. ತನ್ನ ಅರ್ಧ ಇಂಚಿನ ತಪ್ಪನ್ನು ಕಂಡ ಗಳಿಗೆಯಲ್ಲೇ ನಂದೇ ತಪ್ಪು ಎಂದವನು ಇವನು. ಅಷ್ಟನ್ನೂ ಅನ್ನಲಾರದ ಒಂದು ಕಚೇರಿಯ ತಪ್ಪನ್ನು ಈಗ ಅವನೇ ಹೊರಬೇಕಂತೆ, ಅದೂ ಪ್ರಮಾಣ ಮಾಡಿ. "ಬೇಡ ವೀರಣ್ಣಾ," ಎಂದೆ. ಆ ಎರಡು ಪದಗಳಿಗೆ ನನ್ನ ಕಾರೇ ಬೆಲೆಯಾಗಬಹುದೆಂದು ಗೊತ್ತಿದ್ದೇ ಅಂದೆ. ಸುಳ್ಳಿನಿಂದ ಬದುಕಿಸಿದ ಕಾರಿನಲ್ಲಿ ಕುಳಿತು ವಿದ್ಯಾರ್ಥಿಗಳಿಗೆ ಆಧಾರ, ಪ್ರಮಾಣ ಎಂದೆಲ್ಲ ಪಾಠ ಹೇಳಲು ಹೋಗುವುದು ನನ್ನಿಂದಾಗದು.

ಆದ್ದರಿಂದ ಸಂಬಂಧಪಟ್ಟ ಅಧಿಕಾರಿಗಳಲ್ಲಿ ವಿನಯಪೂರ್ವಕವಾಗಿ ಕೇಳಿಕೊಳ್ಳುವುದೇನೆಂದರೆ: ನೋಟಿಸನ್ನು ಕೂಡಲೇ ತಡೆಹಿಡಿಯಿರಿ. ಎಂಜಿನ್ನಿನ ರಸೀದಿಯನ್ನು ಕಾರಿನ ಮರಣಪತ್ರವೆಂದು ದಾಖಲಿಸಿದವರು ಯಾರು, ಪರಿಶೀಲಿಸದೆ ಅನುಮೋದಿಸಿದವರು ಯಾರು ಎಂಬುದನ್ನು ಲಿಖಿತವಾಗಿ ತಿಳಿಸಿರಿ. ತಪ್ಪು ಕಚೇರಿಯದೆಂದು ಒಂದೇ ಒಂದು ಸಾಲು ಬರೆಯಿರಿ. ಕನ್ನಡದಲ್ಲಾಗಲಿ ತೆಲುಗಿನಲ್ಲಾಗಲಿ, ಎರಡನ್ನೂ ಓದಬಲ್ಲೆ. ಅದಕ್ಕೂ ಮುನ್ನ ದಯವಿಟ್ಟು ಒಬ್ಬ ಇನ್ಸ್‌ಪೆಕ್ಟರರನ್ನು ನನ್ನ ಅಂಗಳಕ್ಕೆ ಕಳುಹಿಸಿರಿ. ಕಾರಿನ ಅಡಿಚೌಕಟ್ಟಾದ ಚಾಸಿಯ ಮೇಲೆ ಕಾಗದದ ಚೂರಿಟ್ಟು ಪೆನ್ಸಿಲ್ ಉಜ್ಜಿದರೆ, ಎಂಜಿನ್ ಬದಲಾದರೂ ಬದಲಾಗದೆ ಅಲ್ಲಿ ಕೊರೆದಿರುವ ಸಂಖ್ಯೆ ತಾನಾಗಿ ಮೂಡುತ್ತದೆ. ನಿಮ್ಮ ಇಲಾಖೆಯೇ ಕಲಿಸಿದ ವಿಧಾನ ಅದು. ಕಾಗದವೂ ಪೆನ್ಸಿಲ್ಲೂ ನನ್ನಲ್ಲಿವೆ. ಬಂದವರು ಬಗ್ಗಿ ನೋಡಿದರೆ ಸಾಕು.