ಟೋನಿಗೆ ಕಾಯಬೇಡ

"ಯಜಮಾನ್ರನ್ನ ಕಳ್ಸಿ ಬಾಯೋರೆ, ಇದು ನಿಮ್ಗೆ ತಿಳೂದಲ್ಲ" ಎಂದ ಕಾರವಾರದ ಕಂಪ್ಯೂಟರ್ ಅಂಗಡಿಯವನ ಮೇಲಿನ ನನ್ನ ಸಿಟ್ಟು ಇಂದಿಗೂ ಆರಿಲ್ಲ. ಬೆಳಿಗ್ಗೆ ಕಂಪನಿ ಬಸ್ಸು ಹತ್ತಿ ಕೈಗಾಕ್ಕೆ ಹೋಗಿ ಸಂಜೆ ಬರುವ ನನ್ನ ಯಜಮಾನರಿಗೆ ಮೌಸ್ ಹಿಡಿಯಲು ಕಲಿಸಿದವಳೇ ನಾನು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಮೋಡೆಮ್ ಕೊಳ್ಳಲು ಮಾತ್ರ ಮೀಸೆ ಬೇಕಂತೆ!

ನಮ್ಮ ಶೆಟಗೇರಿಗೆ ಬ್ರಾಡ್‌ಬ್ಯಾಂಡ್ ಇನ್ನೂ ಬಾರದ ಕಾಲ ಅದು. ಇಂಟರ್‌ನೆಟ್ ಬೇಕೆಂದರೆ ಮೋಡೆಮ್ ಎಂಬ ಡಬ್ಬಿಯನ್ನು ಮನೆಯ ಫೋನಿನ ತಂತಿಗೆ ಸಿಕ್ಕಿಸಬೇಕು, ಅದು ಒಂದು ನಂಬರಿಗೆ ಡಯಲ್ ಮಾಡಬೇಕು. ಅದು ಮಾತಾಡುವಷ್ಟು ಹೊತ್ತು ಮನೆಯವರ ಫೋನು ಬಂದ್. ಇಷ್ಟೇ ಆಗಿದ್ದರೆ ಯಾರಾದರೂ ಬಂದು ಜೋಡಿಸಿ ಹೋಗುತ್ತಿದ್ದರು. ಆದರೆ ನನ್ನ ಕಂಪ್ಯೂಟರಿನಲ್ಲಿದ್ದದ್ದು ಲಿನಕ್ಸ್. ಪರೀಕ್ಷೆಯಲ್ಲಿ ನಕಲು ಮಾಡಿದ ಮಕ್ಕಳನ್ನು ಎಬ್ಬಿಸಿ ನಿಲ್ಲಿಸುವವಳ ಮನೆಯಲ್ಲಿ ನಕಲು ಮಾಡಿದ ಸಿ.ಡಿ. ಇರಬಾರದು ಎಂಬುದು ನನ್ನ ಹಟ. ವಿಂಡೋಸಿನ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಯಾರು ಬೇಕಾದರೂ ಧೈರ್ಯವಾಗಿ ಹಾಕಿಕೊಳ್ಳಬಹುದಾದದ್ದು, ನಾನೂ ಹಾಕಿಕೊಂಡೆ. ಅಲ್ಲಿಂದ ಎಲ್ಲರ ಬಾಯಲ್ಲೂ ಒಂದೇ ಮಾತು, "ವಿಂಡೋಸ್ ಹಾಕಿ." ಅಂಗಡಿಯವನದೂ ಅದೇ, ಸಹಾಯವಾಣಿಯವನದೂ ಅದೇ. ಸಹಾಯವಾಣಿಯವನಂತೂ ಲಿನಕ್ಸ್ ಎಂದ ಕೂಡಲೇ ಅಷ್ಟು ಹೇಳಿ ಫೋನ್ ಇಟ್ಟುಬಿಟ್ಟ. ನನ್ನ ಮೈ ಉರಿದುಹೋಯಿತು.

ಇನ್ನೊಂದು ವಿಷಯ ಇಲ್ಲೇ ಹೇಳಬೇಕು. ನಮ್ಮ ಮನೆಯ ಫೋನು ನಮ್ಮೊಬ್ಬರದ್ದಾಗಿರಲಿಲ್ಲ. ಆಚೀಚೆಯ ಐದಾರು ಮನೆಯವರು ತಮ್ಮ ನೆಂಟರಿಗೆ ಕೊಟ್ಟದ್ದು ನಮ್ಮದೇ ನಂಬರು. ಅವರಲ್ಲಿ ಪಕ್ಕದ ಮನೆಯ ಹೆಂಗಸು ಒಬ್ಬಳು. ದಿನವೂ ಗದ್ದೆ ಕೆಲಸಕ್ಕೆ ಹೋಗುವವಳು, ಗಂಡ ಹಡಗಿನಲ್ಲಿ ಅಡುಗೆಯವ. ಹಡಗು ಯಾವುದಾದರೂ ಬಂದರಿನಲ್ಲಿ ನಿಂತ ಭಾನುವಾರ ನಾಲ್ಕು ಗಂಟೆಗೆ ಅವನ ಫೋನು ಬರುತ್ತಿತ್ತು. ಆಕೆ ಮೂರೂವರೆಗೇ ತಲೆ ಬಾಚಿಕೊಂಡು ಬಂದು ನಮ್ಮ ಜಗಲಿಯಲ್ಲಿ ಕೂರುತ್ತಿದ್ದಳು.

ಅವಳ ಅತ್ತೆಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಾವಿಕಟ್ಟೆಯನ್ನು ಕೈಯಿಂದ ತಡವಿ ಹುಡುಕುವಷ್ಟು. ಕಾರವಾರದಲ್ಲಿ ಮಂಗಳವಾರ ಕಣ್ಣಿನ ಶಿಬಿರ, ಆಪರೇಶನ್ ಪುಕ್ಕಟೆ. ಹೆಸರು ಬರೆಸಿ ಬಂದವಳು ನಾನೇ. ಮುದುಕಿ ಮಾತ್ರ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. "ಕಣ್ಗೆ ಕತ್ತಿ ಹಾಕೂಕೆ ಕೊಡೂದಿಲ್ಲ. ಮಗ ಹೇಳ್ದ್ರೆ ಮಾತ್ರ ಹೋಗ್ತೆ" ಎಂದು ಕೂತಳು. ಅಂದರೆ ಅದಕ್ಕೂ ಮುಂಚಿನ ಭಾನುವಾರದ ಫೋನಿನಲ್ಲಿ ಮಗ ಹೇಳಬೇಕು. ಹೇಳುತ್ತಾನೆ, ಅದರಲ್ಲೇನು ಎಂದುಕೊಂಡಿದ್ದೆ.

ನನ್ನ ತಲೆಯಲ್ಲಿ ಇದ್ದದ್ದು ಮೋಡೆಮ್. ಪ್ರತಿ ಸಲ ಅದು ಒಂದೇ ಸಾಲು ಬರೆಯುತ್ತಿತ್ತು: ಡಯಲ್ ಟೋನ್ ಇಲ್ಲ. ರಿಸೀವರ್ ಎತ್ತಿ ಕಿವಿಗೆ ಹಿಡಿದರೆ ಟೋನ್ ಭರ್ಜರಿಯಾಗಿ ಕೇಳುತ್ತಿದೆ! ನನ್ನ ಕಿವಿ ಸುಳ್ಳೆ? ಅಂಕೋಲೆಯ ಟೆಲಿಫೋನ್ ಆಫೀಸಿಗೆ ಮೂರು ಸಲ ಅಲೆದೆ. ಲೈನ್‌ಮನ್ ಬಂದು ನೋಡಿ, "ಲೈನೆಲ್ಲ ಸರಿ ಅದೆ ಅಕ್ಕೋರೆ. ನಿಮ್ಮ ಕಂಪ್ಯೂಟರೇ ಸರಿ ಇಲ್ಲ. ವಿಂಡೋಸ್ ಹಾಕಿ" ಎಂದ. ಅವನೂ! ಚಹಾ ಕೊಡದೇ ಕಳಿಸಿದೆ.

ಕೊನೆಗೆ ಮೋಡೆಮ್ಮಿನ ಜೊತೆ ಬಂದ ಪುಸ್ತಿಕೆಯನ್ನು, ನಿಘಂಟು ಪಕ್ಕಕ್ಕಿಟ್ಟುಕೊಂಡು, ಅಕ್ಷರ ಅಕ್ಷರ ಓದಿದೆ. ಗುಟ್ಟು ಅಲ್ಲಿತ್ತು. ಮೋಡೆಮ್ ಮಾಡಿದ ದೇಶದ ಟೋನೇ ಬೇರೆ, ನಮ್ಮ ಎಕ್ಸ್‌ಚೇಂಜಿನ ಟೋನೇ ಬೇರೆ. ನಮ್ಮದು ಅದರ ಲೆಕ್ಕದಲ್ಲಿ ಟೋನೇ ಅಲ್ಲ! ಎಂಥ ದುರಹಂಕಾರ. ನಮ್ಮೂರಿಗೆ ಬಂದು, ನಮ್ಮ ತಂತಿಗೆ ಜೋತುಬಿದ್ದು, ನಮ್ಮ ದನಿ ದನಿಯೇ ಅಲ್ಲ ಅನ್ನುವುದೆಂದರೇನು? ಅದಕ್ಕೆ ಮದ್ದೂ ಪುಸ್ತಿಕೆಯಲ್ಲೇ ಇತ್ತು. ಲಿನಕ್ಸಿನ ಡಯಲ್ ಮಾಡುವ ಕಡತದಲ್ಲಿ ಒಂದು ಅಕ್ಷರ, ಒಂದು ಅಂಕಿ ಸೇರಿಸಿದರೆ ಸಾಕು. ಅರ್ಥ ಇಷ್ಟೇ: ಟೋನಿಗೆ ಕಾಯಬೇಡ, ಸುಮ್ಮನೆ ಡಯಲ್ ಮಾಡು. ಸಂಪರ್ಕ ತಪ್ಪಿದರೆ ತಾನಾಗಿಯೇ ಮತ್ತೆ ಮತ್ತೆ ಡಯಲ್ ಮಾಡುವ ಏರ್ಪಾಡೂ ಅದೇ ಕಡತದಲ್ಲಿತ್ತು. ಅದನ್ನೂ ಇರಲಿ ಎಂದು ಬಿಟ್ಟೆ. ಮೋಡೆಮ್ಮಿನ ಕಿರುಚಾಟ ಬೇಡವೆಂದು ಅದರ ಸದ್ದನ್ನೂ ಅಡಗಿಸಿದೆ.

ಆ ಭಾನುವಾರ ಮಧ್ಯಾಹ್ನ ಇಂಟರ್‌ನೆಟ್ ಬಂತು. ಗುರುಗ್ರಹದ ಒಂದು ಚಿತ್ರ ಮೇಲಿನಿಂದ ಕೆಳಗೆ, ಗೆರೆ ಗೆರೆಯಾಗಿ ಇಳಿಯಿತು. ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ. ಅಂಗಡಿಯವನು ಎದುರಿಗಿದ್ದರೆ ಕಿವಿ ಹಿಡಿದು ತೋರಿಸುತ್ತಿದ್ದೆ.

ಮೂರೂವರೆಗೆ ಸೊಸೆ ಅತ್ತೆಯ ಕೈಹಿಡಿದುಕೊಂಡು ಬಂದಳು. ಫೋನು ಬಿಡಿಸಿಡಬೇಕೆಂಬುದನ್ನು ನಾನೇನೂ ಮರೆತಿರಲಿಲ್ಲ. ಒಳಗೆ ಹೋದೆ. ಅಷ್ಟರಲ್ಲಿ ಸಂಪರ್ಕ ತಾನೇ ತಪ್ಪಿತ್ತು. ಸರಿ, ಒಳ್ಳೆಯದೇ ಆಯಿತೆಂದು ಪರದೆಯ ಗುಂಡಿ ಒತ್ತಿ ಆರಿಸಿ ಬಂದೆ. ಪರದೆ ಆರಿದರೆ ಕೆಲಸ ನಿಲ್ಲುವುದಿಲ್ಲ ಎಂದು ಮಕ್ಕಳಿಗೆ ಹತ್ತು ಸಲ ಹೇಳಿದವಳು ನಾನು!

ನಾಲ್ಕಕ್ಕೆ ಸರಿಯಾಗಿ ಫೋನ್ ಹೊಡೆಯಿತು. ಸೊಸೆ ಎರಡು ಮಾತಿನಲ್ಲಿ ವಿಷಯ ಹೇಳಿ ರಿಸೀವರನ್ನು ಅತ್ತೆಯ ಕಿವಿಗೆ ಹಿಡಿದಳು. "ಮಗಾ, ಹ್ಯಾಂಗಿದ್ಯೋ" ಎಂದಳು ಮುದುಕಿ. ಮುಖ ಅರಳಿತು. ಮರುಗಳಿಗೆ ಬೆಚ್ಚಿ ತಲೆ ಹಿಂದಕ್ಕೆಳೆದುಕೊಂಡಳು. "ಏನೋ ಕೂಗ್ತದೆ. ಅಂವ ಕೇಳೂದಿಲ್ಲ." ಸೊಸೆ "ಹಲೋ, ಹಲೋ" ಎಂದು ಕೂಗಿದಳು. ಅವನೂ ಅಲ್ಲಿ ಕೂಗುತ್ತಿದ್ದಿರಬೇಕು. ನಾನು ರಿಸೀವರ್ ಕಸಿದು ಕಿವಿಗೊಟ್ಟೆ. ಟುಟುಟು ಎಂದು ಒಂದರ ಹಿಂದೊಂದು ಅಂಕಿಗಳ ಸದ್ದು. ಮೋಡೆಮ್ಮಿನ ಸದ್ದಡಗಿಸುವ ಮುಂಚೆ ಮತ್ತೆ ಮತ್ತೆ ಕೇಳಿದ್ದ ಸದ್ದು, ಗುರುತು ಸಿಗದೇ ಇರುತ್ತದೆಯೇ? ತಪ್ಪಿದ ಸಂಪರ್ಕಕ್ಕಾಗಿ ಆಗಿನಿಂದ ಬಿಟ್ಟು ಬಿಟ್ಟು ಪ್ರಯತ್ನಿಸುತ್ತಿದ್ದ ನಮ್ಮ ಮೋಡೆಮ್ ಅವರ ಮಾತಿನ ನಡುವೆ ನುಗ್ಗಿ ಡಯಲ್ ಮಾಡುತ್ತಿತ್ತು. ಓಡಿಹೋಗಿ ಮೋಡೆಮ್ಮಿನ ತಂತಿ ಕಿತ್ತೆ. ಬರುವಷ್ಟರಲ್ಲಿ ಆಚೆ ಕಡೆ ಯಾರೂ ಇರಲಿಲ್ಲ.

"ಏನಾಯ್ತು ಅಕ್ಕೋರೆ?"

"ಲೈನು. ಈ ಟೆಲಿಫೋನಿನವರಿಗೆ ಎಷ್ಟು ಹೇಳಿದರೂ ಅಷ್ಟೇ" ಎಂದೆ. ಹೌದು, ಹಾಗೆಂದೆ. ಎರಡು ವಾರದಿಂದ ಎಲ್ಲರನ್ನೂ ಬೈದು ಬೈದು ನಾಲಿಗೆಗೆ ಅದೇ ರೂಢಿಯಾಗಿತ್ತು.

ಆರು ಗಂಟೆಯವರೆಗೆ ಕೂತರು. ಫೋನು ಬರಲಿಲ್ಲ. ಸೋಮವಾರ ಇಡೀ ಸಂಜೆ ಮುದುಕಿಯ ಎದುರು ಕೂತು ಗೋಗರೆದೆ. "ಮಗ ಹೇಳ್ಲಿಲ್ಲ" ಎಂಬ ಒಂದೇ ಮಾತು. ಮಂಗಳವಾರ ಕಾರವಾರದ ಬಸ್ಸು ಅವಳಿಲ್ಲದೆ ಹೋಯಿತು. ಇನ್ನೊಂದು ಶಿಬಿರ ಯಾವಾಗ ಎಂದು ಕೇಳಿದರೆ, ಯಾರಿಗೂ ಗೊತ್ತಿರಲಿಲ್ಲ.

ಬುಧವಾರ ಶಾಲೆ ಬಿಟ್ಟು ಬರುತ್ತಿದ್ದೆ. ದಾರಿಯಲ್ಲಿ ಸೊಸೆ ಆ ಲೈನ್‌ಮನ್ನನ್ನು ಸೈಕಲ್ಲಿನಿಂದ ಇಳಿಸಿ ತರಾಟೆಗೆ ತೆಗೆದುಕೊಂಡಿದ್ದಳು. "ನಿಮ್ಮ ಲೈನ್ ದೆಸೆಯಿಂದ ನಮ್ಮತ್ತೆ ಕಣ್ಣು ಹೋಯ್ತು. ಅಕ್ಕೋರು ಎಷ್ಟು ಸಲ ಹೇಳಿದ್ರು ನಿಮ್ಗೆ?" ಅವನು ನನ್ನತ್ತ ನೋಡಿದ. ತಿರುಗಿ ಮಾತಾಡಿದ್ದರೆ ನನಗೆ ಜಗಳವಾಡಲು ಬರುತ್ತಿತ್ತು.

ಅಲ್ಲೇ, ಇಬ್ಬರ ಎದುರಿಗೇ ಹೇಳಿದೆ. ಲೈನ್ ಸರಿಯಾಗಿತ್ತು, ನಡುವೆ ಬಂದದ್ದು ನನ್ನ ಯಂತ್ರ ಎಂದು. ಆಕೆ ಬೈಯುತ್ತಾಳೆಂದು ಕಾದೆ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಆಕೆ ನಿಜಕ್ಕೂ ತಿಳಿದುಕೊಳ್ಳಲೆಂದೇ ಕೇಳಿದಳು:

"ಅಲ್ಲ ಅಕ್ಕೋರೆ, ಫೋನಲ್ಲಿ ಜನ ಮಾತಾಡ್ತಿದ್ರು ಅಂದ್ರೆ ಅದ್ಕೆ ಗುತ್ತಾಗೂದಿಲ್ವ?"

ಗೊತ್ತಾಗುತ್ತಿತ್ತು. ಅಂಗಡಿಯಿಂದ ಬಂದ ಹಾಗೇ ಬಿಟ್ಟಿದ್ದರೆ, ಟೋನ್ ಇಲ್ಲವೆಂದು ಅದು ತಂತಿ ಬಿಟ್ಟು ಸುಮ್ಮನಾಗುತ್ತಿತ್ತು. ಕೇಳಿಸಿಕೊಳ್ಳಬೇಡ ಎಂದು ಅದಕ್ಕೆ ಬರೆದುಕೊಟ್ಟವಳು ನಾನು.

"ಗೊತ್ತಾಗ್ತಿತ್ತು" ಎಂದೆ.