ಕಲೆಯನ್ನೇ ಕಾಯಿಲೆ ಎಂದರು

ಬೆಳಗಿನ ಆರೂವರೆ. ಮುಡಬಿಯ ಹೆಂಗಸರು ಹೊಲಕ್ಕೆ ಬುತ್ತಿ ಕಟ್ಟುವ ಹೊತ್ತು. ಆಶಾ ಕಾರ್ಯಕರ್ತೆ ಕಮಳಾಬಾಯಿ ಮನೀಷಾಳನ್ನು ಅಂಗಳದ ಎಳೆಬಿಸಿಲಿಗೆ ನಿಲ್ಲಿಸಿಕೊಂಡು ಮುಂಗೈಯ ಗಜಕರ್ಣ ನೋಡುತ್ತಿದ್ದಾರೆ. ಹರಡುತ್ತಿದೆಯೇ ನೋಡಲು ಮೊನ್ನೆ ತಾವೇ ಪೆನ್ನಿನಿಂದ ಸುತ್ತ ಎಳೆದ ಗೆರೆಯನ್ನು ಅದು ದಾಟಿದೆ. ಅಂಚು ಉಬ್ಬಿದೆ, ಹೊಟ್ಟು ಏಳುತ್ತಿದೆ. ಕಮಳಾಬಾಯಿಯ ಮುಖ ಇಳಿದುಹೋಗುತ್ತದೆ.

"ಮತ್ತ ಬಂದದ ನೋಡವ್ವ."

ಹದಿನಾಲ್ಕು ವರ್ಷದಿಂದ ದಿನಕ್ಕೆ ಹದಿನೈದು ಮನೆ ಸುತ್ತುವ ಕಾಲು ಇವರದು. ಬಾಣಂತಿ, ಕೂಸು, ಲಸಿಕೆ ಎಲ್ಲವೂ ಇವರ ಪಟ್ಟಿಯಲ್ಲಿವೆ; ಗಜಕರ್ಣ ಇಲ್ಲ. ಆದರೂ ಬಿಡಲಾರರು. ತುರಿಕೆ ನಿಂತ ದಿನವೇ ಮುಲಾಮು ಮೂಲೆಗೆಸೆಯುವ ಜನರ ಜೊತೆ ಇವರದು ಮುಗಿಯದ ಜಗಳ.

"ತುರಿಕಿ ನಿಂತ್ರ ವಾಸಿ ಆದಂಗಲ್ರಿ. ಅಂಚು ಸಪಾಟ ಆಗಬೇಕು, ಹೊಟ್ಟು ನಿಂದರಬೇಕು. ಆಮ್ಯಾಲೂ ಡಾಕ್ಟರ್ ಹೇಳಿದಷ್ಟು ದಿನ ಹಚ್ಚಬೇಕು."

ಮನೀಷಾ ಇದನ್ನೆಲ್ಲ ಚಾಚೂ ತಪ್ಪದೆ ಮಾಡಿದವಳು. ಹುಮನಾಬಾದಿನ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಗಜಕರ್ಣ ಕಂಡ ಮಾಲೀಕ ಮನೆಗೆ ಕಳಿಸಿದ. ಆರು ವಾರ ಮುಲಾಮು ಹಚ್ಚಿದಳು, ತನ್ನ ಟವೆಲ್ ಬೇರೆ ಇಟ್ಟಳು. ಪೂರ್ತಿ ವಾಸಿಯಾಗಿದೆ ಎಂದು ಬಸವಕಲ್ಯಾಣದ ಡಾಕ್ಟರೂ ಹೇಳಿದರು. ಉಳಿದದ್ದು ಬರೀ ಕಪ್ಪು ಕಲೆ. ಮಾಲೀಕ ಅದನ್ನೇ ತೋರಿಸಿ, "ಇದು ಹೋದ ಮ್ಯಾಲೆ ಬಾ" ಅಂದ. ಕಮಳಾಬಾಯಿ ತಾವೇ ಬಸ್ಸು ಹತ್ತಿ ಹೋಗಿ ಹೇಳಿದರೂ ಆ ಮಹಾರಾಯ ಕಿವಿಗೆ ಹಾಕಿಕೊಳ್ಳಲಿಲ್ಲ.

ಹುಡುಗಿ ಯಾರಿಗೂ ಹೇಳದೆ ಅಂಗಡಿಯಿಂದ ಕಲೆ ತೆಗೆಯುವ ಟ್ಯೂಬು ತಂದು ತಿಂಗಳಿಡೀ ತಿಕ್ಕಿದಳು. ಅದರಲ್ಲಿ ಚರ್ಮದ ತಡೆಶಕ್ತಿ ಕುಗ್ಗಿಸುವ ಸ್ಟಿರಾಯ್ಡ್ ಇತ್ತು. ಕಲೆ ತಿಳಿಯಾಯಿತು, ಗಜಕರ್ಣ ಮರಳಿ ಬಂತು.

"ಕಲಿ ಇದ್ರ ಕೆಲಸ ಕೊಡಂಗಿಲ್ಲಂತಾನ ಮೌಶಿ. ನಾ ಏನ್ ಮಾಡ್ಲಿ?" ಎಂದು ಮನೀಷಾ ಚಿಕ್ಕಮ್ಮನ ಮುಂದೆ ಅತ್ತಂತೆ ಅಳುತ್ತಾಳೆ.

ಕಮಳಾಬಾಯಿ ಬೈಯುವುದಿಲ್ಲ. ನಮ್ಮ ಕಡೆ ತಿರುಗಿ ಬೈದುಕೊಳ್ಳುವುದು ತಮ್ಮನ್ನೇ. "ಕಲಿ ತಿಂಗಳಾನಗಟ್ಲೆ ಇರ್ತದ, ಅದಕ್ಕ ಏನೂ ಹಚ್ಚಬ್ಯಾಡ ಅಂತ ನಾ ಮೊದ್ಲೇ ಹೇಳಬೇಕಿತ್ರಿ. ತಪ್ಪು ನಂದೇ ಅದ."

ಖಾನಾವಳಿಯಲ್ಲಿ ಅವಳ ಒಲೆಯ ಮುಂದೆ ಈಗ ಬೇರೊಬ್ಬಳು ಕೂತಿದ್ದಾಳೆ. ಇಲ್ಲಿ ಮತ್ತೆ ಡಾಕ್ಟರು, ಮತ್ತೆ ವಾರಗಟ್ಟಲೆ ಮುಲಾಮು. ಅದು ಮುಗಿದ ಮೇಲೂ ಕಲೆ ಉಳಿಯುತ್ತದೆ ಎಂಬುದು ಇಬ್ಬರಿಗೂ ಗೊತ್ತು.

ನಿಮಗೇನು ಬೇಕು ಎಂದು ಕೇಳಿದರೆ ಕಮಳಾಬಾಯಿ ಮನೀಷಾಳ ಕೈ ಹಿಡಿದು ಗಜಕರ್ಣದ ಸುತ್ತ ಹೊಸ ಗೆರೆ ಎಳೆಯುತ್ತಾರೆ.

"ವಾಸಿ ಆಗೇದೋ ಇಲ್ಲೋ ನೋಡೋದು ನನಗ ಬರ್ತದ್ರಿ. ವಾಸಿ ಆಗೇದಂತ ಮಂದೀನ ನಂಬಸೋದು ಹ್ಯಾಂಗ, ಅದನ್ನ ಯಾರರೆ ಕಲಿಸಿಕೊಟ್ರ ಸಾಕ್ರಿ."